ಹೋಲ್ಡರ್‌ಸ್ಟಾಟ್‌ನ ಚಪ್ಪಾಳೆ

ಹೋಲ್ಡರ್‌ಸ್ಟಾಟ್ ಕೋಟೆಯ ಹೊರಗೆ, ಜರ್ಮನಿ
ಫೆಬ್ರವರಿ ೩೦, ೨೩೧೪

ಹತ್ತು ತಲೆಮಾರು ಹಿಂದಿನ ಕನ್ನಡಿಗರೇ,

ತಾರೀಖು ನೋಡಿ ಹುಬ್ಬೇರಿಸಬೇಡಿ; ನಮ್ಮ ಫೆಬ್ರವರಿಗೆ ಮೂವತ್ತು ದಿನ. ನಮ್ಮ ಮನೆತನ ಕಾರ್ಕಳ ಬಿಟ್ಟು ಬಹುಕಾಲವಾಯಿತು, ನನ್ನ ಕನ್ನಡ ಒರಟೆನಿಸಿದರೆ ಕ್ಷಮಿಸಿ.

ಈ ಊರಿಗೆ ಸಾವಿರ ವರ್ಷ. ಉಪ್ಪು ಮಾರಿ ಕೊಬ್ಬಿದ ಊರು, ಪ್ಲೇಗ್ ಬಂದಾಗ ಹೊರಗಿನವರಿಗೆ ಕೋಟೆಬಾಗಿಲು ಮುಚ್ಚಿದ ಊರು, ಬೆಳೆ ಕೆಟ್ಟ ವರ್ಷ ತನ್ನದೇ ಹೆಂಗಸರನ್ನು ಮಾಟಗಾತಿಯರೆಂದು ಚೌಕದಲ್ಲಿ ಸುಟ್ಟ ಊರು. ಈಗ ಅದರ ಮೇಲೆ ‘ಕಾಲಮುಸುಕು’ ಹೊದಿಸಿದ್ದಾರೆ. ಆಕಾಶವನ್ನೂ ಹೊಗೆಯನ್ನೂ ಹಳೆಯ ಕಾಲದಂತೆ ತೋರಿಸುವ ತೆಳುಪೊರೆ ಅದು. ಅದರಡಿ ಬಾಳುತ್ತಿದ್ದ ನಾವು ಬೆಳಗಾದರೆ ನಾರುಬಟ್ಟೆ ತೊಟ್ಟು, ಪ್ರವಾಸಿಗಳ ಮುಂದೆ ಬೀದಿಗೆ ಕೊಚ್ಚೆ ಎಸೆಯಬೇಕಿತ್ತು. ಕೊಚ್ಚೆಯ ನಾತವನ್ನು ಪುರಸಭೆಯೇ ಬೆರೆಸಿ ಕೊಡುತ್ತದೆ. ಸುಟ್ಟ ಹೆಂಗಸಿನ ಆಕಾರದ ಬಿಸ್ಕತ್ತು ಬೇಕರಿಯಲ್ಲಿ ಸಿಗುತ್ತದೆ. ಮಕ್ಕಳು ಮೊದಲು ತಲೆ ಕಚ್ಚುತ್ತಾರೆ.

ಪಕ್ಕದ ಮನೆಯ ಅನ್ನೆಗ್ರೆಟ್ ಚರ್ಚಿನಲ್ಲಿ ಆರ್ಗನ್ ನುಡಿಸುವ ಮುದುಕಿ. ಅಂದು ಮಾಟಗಾತಿಯೆಂದು ಚೌಕದಲ್ಲಿ ಸುಟ್ಟ ಸೂಲಗಿತ್ತಿ ಬಾರ್ಬರಾಳ ವಂಶದವಳು. ಆ ಸುಡುವಿಕೆಯನ್ನು ವರ್ಷವರ್ಷ ಆಡಿತೋರಿಸುವ ಚಿತಾಹಬ್ಬಕ್ಕೆ ಈ ಸಲ ಗೊಂಬೆ ಬೇಡ, ಅದೇ ರಕ್ತದವಳು ಕೂರಲಿ ಎಂದು ಪುರಸಭೆ ತೀರ್ಮಾನಿಸಿತು. ಮೇಯರ್ ಲೋಟಾರ್ ಅವಳ ಮನೆಗೇ ಬಂದ.

“ಬೆಂಕಿ ಸುಡಲ್ಲಮ್ಮಾ, ಬರೀ ಬೆಳಕು. ನೀವು ಸ್ವಲ್ಪ ಕಿರುಚಿದ್ರೆ ಆಯ್ತು,” ಎಂದ. ಒಪ್ಪದಿದ್ದರೆ ಮನೆ ಖಾಲಿ ಮಾಡಬೇಕೆಂದೂ ನಗುತ್ತಲೇ ಸೇರಿಸಿದ.

ಅನ್ನೆಗ್ರೆಟ್ ಹೋಗಿ ಚೌಕದ ಚಿತೆಯ ಮೇಲೆ ಕೂತಳು. ಕೈ ಕಟ್ಟಿದರು, ಬೆಳಕು ಹತ್ತಿತು. ಅವಳು ಕಿರುಚಲಿಲ್ಲ.

“ಬಾರ್ಬರಾನ ಹಿಡಿದುಕೊಟ್ಟೋರು ಪಕ್ಕದ ಮನೆಯೋರೇ,” ಎಂದಳು. “ಆವತ್ತೂ ಹೀಗೇ ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ನೋಡೋಕೆ ಬಂದಿದ್ರು.”

ಚೌಕದ ತುಂಬ ಚಪ್ಪಾಳೆ.

“ಎಷ್ಟ್ ಚೆನ್ನಾಗ್ ಮಾಡ್ತಾಳೆ!” ಎಂದು ನನ್ನ ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡಳು. ನಾನು ಅಲ್ಲೇ ವಾಂತಿ ಮಾಡಿಕೊಂಡೆ. ಅದಕ್ಕೂ ಯಾರೋ ಚಪ್ಪಾಳೆ ತಟ್ಟಿದರು.

ಸೌದೆರಾಶಿಯ ಮೇಲೇರಿ ಅವಳ ಹಗ್ಗ ಬಿಚ್ಚಿದೆ. “ನಡೀರಿ, ಸಾಕು.”

“ನನ್ನ ಆರ್ಗನ್?” ಎಂದಳು, ಚರ್ಚಿನತ್ತ ನೋಡಿ. ಅದೇ ನಾರುಬಟ್ಟೆಯಲ್ಲಿ ಇಬ್ಬರೂ ಊರು ಬಿಟ್ಟೆವು. ಮೇಯರ್ ಅವಳ ಮಾತನ್ನು ಮಾತ್ರ ಬಿಡಲಿಲ್ಲ. ಈಗ ಬೇರೊಬ್ಬಳು ಪ್ರತಿ ಭಾನುವಾರ ಚಿತೆಯ ಮೇಲೆ ಕೂತು ಅದನ್ನೇ ಒಪ್ಪಿಸುತ್ತಾಳಂತೆ.

ನಿಮ್ಮ ಕಾಲದಲ್ಲಿ ಈ ಅಸಹ್ಯ ಇನ್ನೂ ಚಿಕ್ಕದಿರಬೇಕು. ಮನುಷ್ಯರನ್ನು ಕೊಂದ ಜಾಗಕ್ಕೆ ಯಾರಾದರೂ ತೋರಣ ಕಟ್ಟಲು ಬಂದರೆ, ದಯವಿಟ್ಟು ಏಣಿ ಹಿಡಿಯಬೇಡಿ.

ಇಂತಿ,
ಪದ್ಮಲ ಇಂದ್ರ