ಏಳು ನಿಮಿಷದ ಗಾಯನ

೧೬ ನವೆಂಬರ್ ೧೯೮೬, ರವಿವಾರ, ಡೊಂಬಿವಲಿ

ಇನ್ನು ನಮ್ಮ ಬಿಲ್ಡಿಂಗುಗಳ ಟಿವಿಗೆ ವಿಡಿಯೋ ಹಚ್ಚುವ ಆ ಕೇಬಲ್‌ನ ದೇಜಪ್ಪನಿಗೆ ಸಂಗೀತದ ಕ್ಯಾಸೆಟ್ ಒಯ್ದು ಕೊಡುವುದಿಲ್ಲ. ಸುಶೀಲಾಬಾಯಿಯವರ ಗಾಯನವನ್ನು ನಾನೇ ಮುಂದೆ ನಿಂತು ವಿಡಿಯೋ ಮಾಡಿಸಿದ್ದೆ. ಇಂದು ಮಧ್ಯಾಹ್ನ ಅವರು ಇಳಕಲ್ ಸೀರೆ ಉಟ್ಟು, ತಮ್ಮನ್ನು ತಾವು ಟಿವಿಯಲ್ಲಿ ನೋಡಲೆಂದು ನಮ್ಮ ಮನೆಗೆ ಬಂದು ಕುಳಿತಿದ್ದರು. ತೆರೆಯ ಮೇಲೆ ಕಣ್ಣು ಮುಚ್ಚಿ, ಕದಲದೆ ಷಡ್ಜ ಹಿಡಿದಿದ್ದರು. ಏಳೇ ನಿಮಿಷ. ಒಮ್ಮೆಲೇ ಹಿಂದಿ ಸಿನಿಮಾದ ಹೊಡೆದಾಟ ಬಂತು.

ಓಡಿಹೋಗಿ ಕೇಳಿದೆ.

"ಚಿತ್ರ ಅಲುಗುದಿಲ್ಲ, ಮಿಷಿನ್ ಕೆಟ್ಟಿದೆ ಅಂತ ನಾಲ್ಕು ಬಿಲ್ಡಿಂಗಿನವರು ಬಂದ್ರು ಮಾರಾಯ್ರೆ. ನಾನು ಎಂತ ಮಾಡ್ಲಿ?" ಎಂದ ದೇಜಪ್ಪ. ಅವನಿಗೂ ಹಾಗೆಯೇ ಅನಿಸಿತ್ತಂತೆ.

ತಿರುಗಿ ಬಂದಾಗ ಬಾಯಿಯವರು ಟಿವಿಯ ಮುಂದೆ ಕದಲದೆ ಕುಳಿತಿದ್ದರು. ನಾನು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತೆ.

"ಕುಂದ್ರಪಾ. ಈ ಫೈಟಿಂಗ್ ಮುಗದಮ್ಯಾಲೆ ನಂದು ಮತ್ತ ಹಚ್ತಾರೇನೋ" ಎಂದರು.

ಸಿನಿಮಾ ಮುಗಿಯುವತನಕ ಇಬ್ಬರೂ ಕುಳಿತಿದ್ದೆವು.