ಅಣ್ಣ ಹೇಳಿದ ಕುರಿಗಳ ಹೆಸರು

ಬೆಂಗಳೂರು, ಆಸ್ಪತ್ರಿ ಕಟ್ಟಿ ಮ್ಯಾಲಿಂದ

ತಿಪ್ಪವ್ವಕ್ಕಾ, ಯಂಕಂಚ್ಯಾಗ ಎಲ್ಲಾರೂ ಅರಾಮ ಇದ್ದೀರಿ ಅಂತ ತಿಳದು ಬರ್ಯಾಕತ್ತೇನಿ. ಅಮೋಘಸಿದ್ಧಣ್ಣಗ ನೆನಪಿನ ಪರೀಕ್ಷಾ ಮಾಡಿದ್ರು. "ಗೊತ್ತಿರೋ ಪ್ರಾಣಿಗಳ ಹೆಸರು ಹೇಳಿ" ಅಂದ್ಲು ನರ್ಸಬಾಯಿ. ಅಂವ ಗಿಡ್ಡಿ, ಕಿವಿಹರಕಿ, ಕೆಂಚಿ, ಬೋರಿ ಅಂತ ನಮ್ಮ ಕುರಿಗಳನ್ನ ಹೆಸರು ಹಿಡದು ಹೇಳಕೋತ ಹೋದ. ಆಕಿ ಎಲ್ಲಾ ಕೂಡಿ ಒಂದೇ ಪ್ರಾಣಿ ಅಂತ ಬರಕೊಂಡ್ಲು. ನಾ ಜಗಳಕ್ಕ ಎದ್ದೆ. ಆಮ್ಯಾಲ ಹೊಳೀತು, ಅವೆಲ್ಲ ಅಪ್ಪ ಇದ್ದಾಗಿನ ಕುರಿ. ಈಗ ಹಟ್ಟ್ಯಾಗ ಇರೂ ಒಂದರ ಹೆಸರೂ ಅವನ ಬಾಯಾಗ ಬರಲಿಲ್ಲ.

ರಕ್ತದಾಗ ಗಂಡಸರ ಹಾರ್ಮೋನ್ ಬೇಕಾದಷ್ಟು ಐತಿ, ಅದನ್ನ ತಗೊಂಡು ಕೆಲಸಕ್ಕ ಹಚ್ಚೂ ಜೀನ್ ಹುಟ್ಟಿನಿಂದ ಬ್ಯಾರೆ ಐತಿ, ಅಣ್ಣನ ಮರವಿಗಿ ಅದೂ ಒಂದು ಕಾರಣ ಇರಬಹುದು ಅಂದ್ರು ಡಾಕ್ಟರು. ಔಷಧ ಇಲ್ಲಂತ. ಇನ್ನ ಇಲ್ಲಿ ಕುಂತು ಏನು ಮಾಡೂದು. ಆ ಜೀನ್ ತಾಯಿ ಕಡಿಂದ ಬರ್ತೈತಂತ, ಅದಕ್ಕ ನನ್ನ ರಕ್ತಾನೂ ತಗೊಂಡಾರ, ರಿಪೋರ್ಟ್ ಬರೂತನಕ ಇಲ್ಲೇ ಇರಬೇಕು. ಅವ್ವಗ ಇದೊಂದು ಮಾತು ಮಾತ್ರ ಓದಿ ಹೇಳಬ್ಯಾಡ.

ಅಣ್ಣ ಉಣ್ತಾನ, ಮಲಗ್ತಾನ. ಕಾರ್ಡಿನ್ಯಾಗ ಜಾಗಾ ಮುಗೀತು. ಹ್ವಾದ ಶ್ರಾವಣದಾಗ ಅವಳಿ ಮರಿ ಹಾಕಿತ್ತಲ್ಲ, ಹಣಿ ಮ್ಯಾಲ ಬಿಳಿ ಚುಕ್ಕಿ ಇರೂ ಕುರಿ, ಅದಕ್ಕ ನಾ ಏನಂತ ಕರೀತಿದ್ದೆ? ಮುಂಜಾನಿಂದ ನೆನಪಿಗಿ ಬರವಲ್ದು. ಬರದು ಕಳಸು.

ತಮ್ಮ ಸಂಗು