ಒಂದು ಚಿಲಕಕ್ಕೆ ಎಂಟು ತೂತು

ಅಪ್ಪ,

ನೀನು ಹೋಗಿ ಆರು ವರ್ಷವಾಯಿತು, ಆದರೂ ಇದನ್ನು ನಿನಗೇ ಹೇಳಬೇಕು. ತಂಗಿ ಪೊಲೀಸರಿಗೆ ದೂರು ಕೊಟ್ಟಿದ್ದಾಳೆ. ಚಿಕ್ಕಂದಿನಲ್ಲಿ ಪ್ರಾರ್ಥನಾ ಮಂದಿರದ ಪಾಠದ ಕೋಣೆಯಲ್ಲಿ ಗುರುಗಳು ತನಗೇನು ಮಾಡಿದರೆಂದು ಅಂದು ನಮ್ಮಿಬ್ಬರಿಗೆ ಹೇಳಿದ್ದನ್ನೇ ಈಗ ಬರೆದುಕೊಟ್ಟಿದ್ದಾಳೆ.

ಇವತ್ತು ಬೆಳಿಗ್ಗೆ ಮಹಜರು. ಬಾಗಿಲ ಒಳಗಿನ ಚಿಲಕ ನೋಡಿ ಇನ್ಸ್‌ಪೆಕ್ಟರಮ್ಮ ಕೇಳಿದರು: “ಸ್ಕ್ರೂ ನಾಲ್ಕು, ತೂತು ಎಂಟು. ಯಾಕೆ?”

ಮಂದಿರದ ಹಿರಿಯರೂ ಅಲ್ಲೇ ನಿಂತಿದ್ದರು. ನಾನು ಬಡಗಿಯ ಮಗಳು, ಬಾಯಿಬಿಟ್ಟೆ.

“ವಿಷಯ ಗೊತ್ತಾದ ದಿನವೇ ನಮ್ಮಪ್ಪ ಚಿಲಕ ಕಿತ್ತುಹಾಕಿದ್ರು. ‘ಮಂದಿರದ ಮಾತು ಗೇಟು ದಾಟಬಾರದು’ ಅಂತ ಹಿರಿಯರು ವಾರದೊಳಗೆ ಅಪ್ಪನ ಕೈಲೇ ಮತ್ತೆ ಹಾಕಿಸಿದ್ರು. ಹಳೇ ತೂತಲ್ಲಿ ಸ್ಕ್ರೂ ಹಿಡಿಯಲ್ಲ, ಅದಕ್ಕೇ ಪಕ್ಕದಲ್ಲಿ ಕೊರೆದ್ರು. ಸ್ಕ್ರೂ ಎತ್ತಿಕೊಟ್ಟವಳು ನಾನೇ. ಆಗ ನನಗೆ ಇಪ್ಪತ್ತು.”

ನೀನು ಕಿತ್ತಿದ್ದು ಪಕ್ಕದಲ್ಲೇ ನಿಂತಿದ್ದ ತಂಗಿಗೆ ಗೊತ್ತೇ ಇರಲಿಲ್ಲ.

“ಅಂದ್ರೆ, ಅಪ್ಪ ನನ್ನ ಮಾತು ನಂಬಿದ್ನಾ?”

“ನಂಬಿದ್ದ ಕಣೇ. ಆದ್ರೆ ಹೆದರಿಬಿಟ್ಟ. ನಾನೂ ಹೆದರಿದೆ.”

ಸಾಕ್ಷಿಗೆಂದು ಬಾಗಿಲನ್ನೇ ಒಯ್ಯಬೇಕಿತ್ತು. ತುಕ್ಕು ಹಿಡಿದ ಕೀಲು ಪೊಲೀಸರಿಗೆ ಬಗ್ಗಲಿಲ್ಲ. ನಾನು ಮನೆಗೆ ಹೋಗಿ ನಿನ್ನ ಸ್ಕ್ರೂಡ್ರೈವರ್ ತಂದೆ. ತಂಗಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಬಿಚ್ಚಿದಳು. ಕೊನೆಯ ಸ್ಕ್ರೂ ಬಂದಾಗ ಬಾಗಿಲು ವಾಲಿತು.

“ಅಕ್ಕಾ, ಆ ಕಡೆ ಹಿಡ್ಕೋ,” ಎಂದಳು.

ಹದಿನೆಂಟು ವರ್ಷದ ಮೇಲೆ ನನ್ನನ್ನು ಅಕ್ಕಾ ಎಂದಳು, ಅಪ್ಪ. ಹಿಡಿದುಕೊಂಡೆ.